ಋಣವೋ ದಯೆಯೋ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಸೀಮೆಗಳಲ್ಲಿ ತಿರುಗಾಡಿದವರಿಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತಿರುವದು. ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಒಬ್ಬನೋ ಇಬ್ಬರೋ ಪಿಂಚಣಿ ಸಿಪಾಯಿಗಳು ಇರುತ್ತಾರೆ. ಇವರು ಎಳೆಯ ಪ್ರಾಯದಲ್ಲಿ ದಂಡಿಗೆ ಭರ್ತಿಯಾಗಿ, ಹಿಮದ ಬೆಟ್ಟಗಳಲ್ಲಿಯೂ ಮರಳುಗಾಡಿನಲ್ಲಿಯೂ ಪಹರೆ ಮಾಡಿ, ತಲೆ ನರೆಯುವದಕ್ಕೆ ಮುಂಚೆಯೇ ಊರಿಗೆ ತಿರಿಗಿ ಬಂದು, ಹೊಲಮನೆ ನೋಡಿಕೊಂಡು ಇರುವವರು. ಜನರು ಇವರನ್ನು ಹಬ್ಬಹುಣ್ಣಿಮೆಗಳಲ್ಲಿಯೂ ಧ್ವಜವನ್ನೇರಿಸುವ ದಿವಸಗಳಲ್ಲಿಯೂ ಮುಂದೆ ಕೂಡ್ರಿಸಿ ಮರ್ಯಾದೆ ಮಾಡುವರು. ಆ ದಿವಸ ಕಳೆದ ಮೇಲೆ ಅವರನ್ನು ನೆನೆಯುವವರು ಕಡಿಮೆ.

2016ನೆಯ ಫೆಬ್ರುವರಿ 3ರಂದು ಸಿಯಾಚಿನ್ ಎಂಬ ಹಿಮಪ್ರದೇಶದಲ್ಲಿ ನೀರ್ಗಲ್ಲು ಕುಸಿದು ಹತ್ತು ಮಂದಿ ಸೈನಿಕರನ್ನು ಹೂತುಹಾಕಿತು. ಅವರಲ್ಲೊಬ್ಬರಾದ ಹನುಮಂತಪ್ಪ ಕೊಪ್ಪದ ಅವರು ನಮ್ಮ ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನವರು. ಆರು ದಿವಸ ಹಿಮದ ಕೆಳಗಿದ್ದು ಜೀವಸಹಿತ ಸಿಕ್ಕಿದ ಅವರನ್ನು ದಿಲ್ಲಿಯ ಸೈನಿಕ ಆಸ್ಪತ್ರೆಗೆ ಒಯ್ದರು; ಆದರೆ ಮೂತ್ರಪಿಂಡಗಳೂ ಯಕೃತ್ತೂ ಕೆಟ್ಟುಹೋಗಿದ್ದರಿಂದ ಅವರು ಅದೇ ತಿಂಗಳ 11ರಂದು ತೀರಿಕೊಂಡರು. ಆಗ ನಮ್ಮ ಸೀಮೆಯಲ್ಲಿ ಅಳದವರು ಯಾರು? ಅದು ಯುಕ್ತವೇ. ಆದರೆ ಹಿಮದ ಕೆಳಗಲ್ಲ, ತನ್ನ ಮನೆಯ ಹೊರಸಿನ ಮೇಲೆ, ಆರು ದಿವಸವಲ್ಲ, ಆರು ವರುಷ ಮೂತ್ರಪಿಂಡಗಳು ಕೆಟ್ಟು ನರಳುವ ಮುದಿ ಸಿಪಾಯಿಗಾಗಿ ಅಳುವವರು ಎಷ್ಟು ಮಂದಿ? ಅವನಿಗೆ ಸಲ್ಲತಕ್ಕ ಆರೈಕೆಯು ಹೇಗಿರಬೇಕು? ಅದು ನಾವು ತೀರಿಸಬೇಕಾದ ಋಣವೋ, ಇಲ್ಲವೆ ನಾವು ತೋರಿಸುವ ದಯೆಯೋ? ಇದನ್ನೇ ಈ ಸಾರೆ ವಿಚಾರಿಸುವೆವು.

ಮೊದಲು ಆ ಆರೈಕೆಯ ಕ್ರಮವನ್ನು ತಿಳಿಯದವರಿಗಾಗಿ ಕೆಲವು ಮಾತುಗಳನ್ನು ಹೇಳಬೇಕು. ನಮ್ಮ ಬೆನ್ನಿನ ಎರಡು ಪಕ್ಕಗಳಲ್ಲಿರುವ ಮೂತ್ರಪಿಂಡಗಳು ಹಗಲೂ ಇರುಳೂ ರಕ್ತವನ್ನು ಸೋಸಿ, ಕಶ್ಮಲವನ್ನೂ ಹೆಚ್ಚಾದ ನೀರನ್ನೂ ಹೊರಗೆ ಕಳುಹಿಸುತ್ತವೆ. ಸಕ್ಕರೆಯ ರೋಗದಿಂದಲೂ ರಕ್ತದ ಒತ್ತಡದಿಂದಲೂ ಅವು ಬಹುಮಟ್ಟಿಗೆ ಕೆಟ್ಟುಹೋದರೆ ಕಾಲು ಮುಖಗಳು ಬಾಯುವವು, ಊಟ ಸೇರದು, ಉಸಿರು ಕಟ್ಟುವದು. ಆಗ ರಕ್ತವನ್ನು ತೋಳಿನಿಂದ ಹೊರಗೆ ತೆಗೆದು, ಯಂತ್ರದ ಮೂಲಕ ಸೋಸಿ, ತಿರಿಗಿ ದೇಹಕ್ಕೆ ಸೇರಿಸುತ್ತಾರೆ. ಇದಕ್ಕೆ ಡಯಾಲಿಸಿಸ್ ಎಂದು ಹೆಸರು. ಆ ಯಂತ್ರಕ್ಕೆ ಹಚ್ಚಿದ ಕೊಳವೆಯೊಳಗೆ ಬಹು ತೆಳುವಾದ ಸಾವಿರಾರು ಟೊಳ್ಳು ಎಳೆಗಳು ಇರುತ್ತವೆ. ಬೆಟಗೇರಿಯ ನೇಕಾರರು ಕಂಡರೂ ಬೆರಗಾಗುವಷ್ಟು ಅವು ನಯವಾದವು. ಎಳೆಗಳ ಒಳಗೆ ರಕ್ತವು ಹರಿಯುವದು, ಹೊರಗೆ ಉಪ್ಪುಗಳನ್ನು ಬೆರಸಿದ ಶುದ್ಧಜಲವು ಹರಿಯುವದು. ನಡುವೆ ಒಂದು ತೆಳುವಾದ ಗೋಡೆ ಮಾತ್ರ. ಸಾಮಾನ್ಯವಾಗಿ ಒಂದು ಸಾರೆಗೆ 4 ಗಂಟೆ, ವಾರಕ್ಕೆ 3 ಸಾರೆ ಇದನ್ನು ಮಾಡಬೇಕು. ಸ್ವಂತ ಮೂತ್ರಪಿಂಡಗಳು ವಾರದ 168 ಗಂಟೆಯೂ ದುಡಿಯುವವು. ಯಂತ್ರಕ್ಕಾದರೋ 12 ಗಂಟೆ ಮಾತ್ರ. ಆದಕಾರಣ ಆ 12 ಗಂಟೆಗಳಲ್ಲಿ ಒಂದೊಂದು ನಿಮಿಷವೂ ಬೆಲೆಯುಳ್ಳದ್ದಾಗಿದೆ.

ಈಗ ನಾವು ಕಣ್ಣಾರೆ ಕಂಡದ್ದನ್ನು ಹೇಳುವೆವು. ಊರನ್ನಾಗಲಿ ಚಿಕಿತ್ಸಾಲಯವನ್ನಾಗಲಿ ಹೆಸರಿಸುವದು ಅವಶ್ಯವಿಲ್ಲ. ನಮಗೆ ಪರಿಚಿತರಾದ ಒಬ್ಬ ಮಾಜಿ ಹವಾಲ್ದಾರರು ಕೆಲವೇ ಯಂತ್ರಗಳಿರುವ ಒಂದು ಚಿಕ್ಕ ಚಿಕಿತ್ಸಾಲಯಕ್ಕೆ ವಾರಕ್ಕೆ ಮೂರು ಸಾರೆ ಹೋಗುತ್ತಿದ್ದರು. ಅನೇಕ ಸಾರೆ ನಾವೂ ಜೊತೆಯಲ್ಲಿ ಹೋದೆವು. ಅಲ್ಲಿಯ ದಾದಿಯರು ಒಳ್ಳೆಯವರು, ನಗುಮುಖದಿಂದ ಮಾತಾಡಿಸುವರು, ಹಾಸಿಗೆಯ ಮೇಲಿನ ಬಟ್ಟೆ ಬಿಳುಪಾಗಿರುವದು. ಆದರೆ ಮಧ್ಯಾಹ್ನದ ಪಾಳಿಯಲ್ಲಿ ಕಾಯುವವರು ಹೆಚ್ಚಾಗಿದ್ದರಿಂದ, 4 ಗಂಟೆ ಆಗುವದಕ್ಕೆ ಮುಂಚೆ, ಮೂರೂವರೆ ಗಂಟೆಗೇ ಸೂಜಿಗಳನ್ನು ತೆಗೆದುಬಿಡುತ್ತಿದ್ದರು. ಹವಾಲ್ದಾರರು ಏನೂ ಅನ್ನಲಿಲ್ಲ. ಯಾಕಂದರೆ ಅರ್ಧ ಗಂಟೆ ಮುಂಚೆ ಬಿಟ್ಟರೆ ಊರಿಗೆ ಹೋಗುವ ಬಸ್ಸು ಸಿಕ್ಕುವದು. ನಾವೂ ಏನೂ ಅನ್ನಲಿಲ್ಲ. ನಮಗೂ ಆ ಬಸ್ಸೇ ಬೇಕಾಗಿತ್ತು.

ಕೆಲವು ತಿಂಗಳುಗಳಾದ ಮೇಲೆ ಒಂದು ರಾತ್ರಿ ಅವರ ಮನೆಯಿಂದ ಕರೆ ಬಂತು. ಹೋಗಿ ನೋಡಲಾಗಿ, ಅವರು ಮಲಗಲಾರದೆ, ಕಂಬಕ್ಕೆ ಒರಗಿ ಕೂತು, ನೀರಿನಲ್ಲಿ ಮುಳುಗಿದವರಂತೆ ಉಸಿರು ಎಳೆಯುತ್ತಿದ್ದರು. ಮಳೆಯ ರಾತ್ರಿಯಲ್ಲಿ ಗಾಡಿ ಗೊತ್ತುಮಾಡಿ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಜೀವವು ಹೋಗಿ ಬಂದಂತಾಯಿತು. ಅಲ್ಲಿಯ ವೈದ್ಯರು ಎಲ್ಲವನ್ನೂ ವಿಚಾರಿಸಿ, ಈ ದೇಹದೊಳಗೆ ಬಹು ದಿವಸದಿಂದ ನೀರು ಉಳಿದುಕೊಂಡು ಬಂದಿದೆ, ಪ್ರತಿ ಸಾರೆ ಪೂರ್ಣ ಸಮಯ ಸಿಕ್ಕುತ್ತಿತ್ತೇ, ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವಾಗ ನಮ್ಮ ನಾಲಿಗೆಯು ಒಣಗಿತು. ಒಂದು ಸಾರೆಗೆ ಅರ್ಧ ಗಂಟೆ ಎಂದರೆ ಅಲ್ಪವೇ. ಆದರೆ ವಾರಕ್ಕೆ ಮೂರು ಸಾರೆಯಂತೆ ವರುಷಕ್ಕೆ ಲೆಕ್ಕಮಾಡಿದರೆ ಅದು 78 ಗಂಟೆಯಾಗುವದು. ಅಂದರೆ 19 ಸಾರೆ ಚಿಕಿತ್ಸೆಯನ್ನೇ ಮಾಡದೆ ಬಿಟ್ಟದ್ದಕ್ಕಿಂತ ಹೆಚ್ಚು. ಒಂದೇ ದಿವಸ ಯಾರಾದರೂ ಬಾಗಿಲು ಮುಚ್ಚಿ ಅವರನ್ನು ಹಿಂದಕ್ಕೆ ಕಳುಹಿಸಿದ್ದರೆ ನಾವು ಜಗಳಾಡುತ್ತಿದ್ದೆವು. ಸ್ವಲ್ಪ ಸ್ವಲ್ಪವಾಗಿ ಕಳೆದುಹೋದದ್ದಕ್ಕೆ ಯಾರೂ ಬಾಯಿ ತೆರೆಯಲಿಲ್ಲ.

ಅವರಿಗೆ ಗುಣವಾದ ಮೇಲೆ, ನೀವು ಯಾಕೆ ಕೇಳಲಿಲ್ಲ, ಎಂದು ನಾವು ವಿಚಾರಿಸಿದೆವು. ಅದಕ್ಕೆ ಅವರು, "ದಂಡಿನ್ಯಾಗ ಹುಕುಂ ಕೇಳಿದವರು ನಾವು, ಮ್ಯಾಲಿನವರನ್ನ ಕೇಳೂದು ಕಲಿಸಿಲ್ಲ. ಮತ್ತ ಪುಕ್ಕಟೆ ಮಾಡತಾರ, ಕೊಟ್ಟಷ್ಟು ತಗೋಬೇಕು," ಎಂದರು. ಈ ಎರಡು ಮಾತುಗಳನ್ನು ನಾವು ಬಹಳ ದಿವಸ ಮನಸ್ಸಿನಲ್ಲಿಟ್ಟುಕೊಂಡು ವಿಚಾರಮಾಡಿದೆವು; ಯಾಕಂದರೆ ಎರಡರಲ್ಲಿಯೂ ಒಂದು ದೊಡ್ಡ ತಪ್ಪು ತಿಳುವಳಿಕೆಯು ಅಡಗಿರುತ್ತದೆ.

ಮೊದಲನೆಯದಾಗಿ, ಅದು ಪುಕ್ಕಟೆ ಎಂಬದು ಸರಿಯಲ್ಲ. 2003ನೆಯ ಏಪ್ರಿಲ್ ತಿಂಗಳಿಂದ ನಡೆಯುತ್ತಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯು, ಅಂದರೆ ಇ.ಸಿ.ಎಚ್.ಎಸ್. ಎಂಬದು, ಚಂದಾದ ಆಧಾರದ ಮೇಲೆ ಏರ್ಪಟ್ಟದ್ದು; ಪಿಂಚಣಿಗೆ ಬರುವ ಸೈನಿಕನು ತನ್ನ ಪಾಲನ್ನು ಕಟ್ಟಿ ಅದರಲ್ಲಿ ಸೇರುತ್ತಾನೆ. ಹಣದ ಮಾತು ಹಾಗಿರಲಿ. ತನ್ನ ಯೌವನದ ವರುಷಗಳನ್ನು ಕೊಟ್ಟವನಿಗೆ ಆರೈಕೆಯನ್ನು ವಾಗ್ದಾನಮಾಡಿದ ಮೇಲೆ ಅದು ಋಣವೇ ಹೊರತು ಭಿಕ್ಷೆಯಲ್ಲ. ಕೂಲಿಯಾಳಿಗೆ ಸಂಜೆ ಕೂಲಿ ಕೊಡುವಾಗ ಸೇರಿನಲ್ಲಿ ಒಂದು ಹಿಡಿ ತೆಗೆದಿಟ್ಟುಕೊಂಡು, ನಗುಮುಖದಿಂದ ಕೊಟ್ಟೆನಲ್ಲಾ, ಎನ್ನುವ ಒಡೆಯನನ್ನು ನಾವು ಏನೆನ್ನುತ್ತೇವೆ? ಅಳತೆಯು ಪೂರ್ಣವಾಗಿರಬೇಕು, ನಗುವು ಅಳತೆಗೆ ಬದಲಾಗಲಾರದು. ದಯೆ ಎಂಬ ಹೆಸರಿಟ್ಟ ಕೂಡಲೆ ಪಡೆಯುವವನ ಬಾಯಿ ಕಟ್ಟುತ್ತದೆ, ಕೊಡುವವನ ಕೈ ಸಡಿಲವಾಗುತ್ತದೆ. ಇದು ದಯೆಯ ಅಪಾಯ.

ಹಾಗಾದರೆ ಋಣವೆಂದು ಹೇಳಿ ಮುಗಿಸೋಣವೇ? ಅದಕ್ಕೂ ಒಂದು ಅಪಾಯವುಂಟು. ಋಣವನ್ನು ತೀರಿಸುವವನು ಎಣಿಸಿ ಕೊಟ್ಟು ಕೈತೊಳೆದುಕೊಳ್ಳುವನು. ಎದುರಿನವನ ಮುಖವನ್ನು ನೋಡಬೇಕಾಗಿಲ್ಲ. ಗಂಟೆ ನಾಲ್ಕಾಯಿತು, ಪುಸ್ತಕದಲ್ಲಿ ಬರೆದಾಯಿತು, ಇನ್ನೇನು, ಎನ್ನಬಹುದು. ಆದರೆ ಯಂತ್ರದ ಪಕ್ಕದಲ್ಲಿ ಮಲಗಿದವನಿಗೆ ನಡುವೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲೆಗೂಡುವದುಂಟು. ಮೀನಖಂಡ ಹಿಡಿದು ಕಿರಿಚುವಂತಾಗುವದುಂಟು. ಎಷ್ಟು ನೀರನ್ನು ಎಷ್ಟು ವೇಗದಿಂದ ತೆಗೆಯಬೇಕೆಂಬದು ಆಯಾ ದಿವಸದ ತೂಕವನ್ನೂ ಮುಖವನ್ನೂ ಮಾತನ್ನೂ ನೋಡಿ ಗೊತ್ತುಮಾಡತಕ್ಕ ಕೆಲಸ. ಅದು ಋಣದ ಲೆಕ್ಕದಿಂದ ಮಾತ್ರ ಆಗತಕ್ಕದ್ದಲ್ಲ. ಹೀಗಿರಲಾಗಿ ನಮಗೆ ತೋರುವದೇನಂದರೆ: ಎಷ್ಟು ಕೊಡಬೇಕು ಎಂಬದರಲ್ಲಿ ಅದು ಋಣವು, ಹೇಗೆ ಕೊಡಬೇಕು ಎಂಬದರಲ್ಲಿ ಅದು ದಯೆಯು. ಅಳತೆಯನ್ನು ದಯೆಗೆ ಬಿಡಬಾರದು, ರೀತಿಯನ್ನು ಲೆಕ್ಕಕ್ಕೆ ಬಿಡಬಾರದು.

ಇಲ್ಲಿ ಕೆಲವರು ಇನ್ನೊಂದು ಪ್ರಶ್ನೆ ಮಾಡುವರು: ಸಿಪಾಯಿಯ ಋಣವು ದೊಡ್ಡದಾದರೆ ಅವನಿಗೆ ಕೂಲಿಕಾರನಿಗಿಂತ ಉತ್ತಮವಾದ ಆರೈಕೆ ಸಲ್ಲಬೇಕಲ್ಲವೇ? ಸಿಪಾಯಿಗಳಿಂದಲೇ ಈ ವಿದ್ಯೆಯು ಬಹಳ ಬೆಳೆಯಿತೆಂಬದು ಸತ್ಯವೇ. ಎರಡನೆಯ ಮಹಾಯುದ್ಧದಲ್ಲಿ ಗಾಯಪಟ್ಟು ಮೂತ್ರಪಿಂಡ ಕೆಟ್ಟ ಸೈನಿಕರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಸತ್ತರು. ಕೊರಿಯದ ಯುದ್ಧದಲ್ಲಿ 1952ರಲ್ಲಿ ರಣರಂಗದ ಹತ್ತಿರಕ್ಕೇ ಯಂತ್ರವನ್ನು ಒಯ್ದ ಮೇಲೆ ಆ ಮರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ತೋಳಿನ ಎರಡು ರಕ್ತನಾಳಗಳನ್ನು ಹೊಲಿದು ಜೋಡಿಸುವ ಫಿಸ್ಟುಲಾ ಎಂಬ ಉಪಾಯವನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿಯ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬ್ರೆಶಿಯಾ, ಸಿಮಿನೊ, ಅಪ್ಪೆಲ್ ಎಂಬ ವೈದ್ಯರು ಕಂಡುಹಿಡಿದು 1966ರಲ್ಲಿ ಪ್ರಕಟಿಸಿದರು. ಇಂದು ಮುಂಡರಗಿಯ ರೈತನ ತೋಳಿನಲ್ಲಿಯೂ ಇರುವದು ಅದೇ. ಅಂದರೆ ಮುದಿ ಸಿಪಾಯಿಗಳ ಹಾಸಿಗೆಯ ಬಳಿಯಲ್ಲಿ ಕಲಿತದ್ದು ಲೋಕದ ಬಡವರೆಲ್ಲರಿಗೂ ದೊರಕಿತು.

ಆದರೆ ಯೋಗ್ಯತೆಯನ್ನು ತೂಗಿ ಜೀವವನ್ನು ಹಂಚುವದು ಎಂಥದ್ದೆಂಬದನ್ನೂ ಲೋಕವು ಒಮ್ಮೆ ಪರೀಕ್ಷಿಸಿ ನೋಡಿದೆ. ಅಮೇರಿಕದ ಸಿಯಾಟಲ್ ಪಟ್ಟಣದಲ್ಲಿ 1960ರ ದಶಕದ ಆರಂಭದಲ್ಲಿ ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು ಆಗಿರಲಾಗಿ, ಯಾರಿಗೆ ಚಿಕಿತ್ಸೆ ಕೊಡಬೇಕೆಂದು ನಿರ್ಣಯಿಸಲು ಏಳು ಮಂದಿಯ ಮಂಡಲಿಯನ್ನು ನೇಮಿಸಿದರು. ಅದರಲ್ಲಿ ಒಬ್ಬ ಬೋಧಕನೂ ಇದ್ದನು. ಅವರು ಉದ್ಯೋಗ, ಕುಟುಂಬ, ನಡತೆ ಇವುಗಳನ್ನು ನೋಡಿ ಆರಿಸಿದರು. ಸಂಗತಿಯು ಹೊರಬಿದ್ದಾಗ ಜನರು ಬೆಚ್ಚಿಬಿದ್ದರು. ಮನುಷ್ಯನ ಬೆಲೆಯನ್ನು ಕಟ್ಟಲು ಇವರು ಯಾರು, ಎಂದು ಕೇಳಿದರು. 1972ರಲ್ಲಿ ಆ ದೇಶದ ಕಾಯಿದೆಯು ಬಹುಮಟ್ಟಿಗೆ ಎಲ್ಲರಿಗೂ ಆ ಚಿಕಿತ್ಸೆಯ ವೆಚ್ಚವನ್ನು ಕೊಡುವಂತೆ ಮಾಡಿತು. ಅದಕ್ಕೂ ಮುಂಚಿನ ಸಂಗತಿಯೊಂದುಂಟು. ಶತ್ರುಗಳು ಆಕ್ರಮಿಸಿಕೊಂಡಿದ್ದ ಹಾಲೆಂಡ್ ದೇಶದ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯನು 1943ರಲ್ಲಿ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಮೊದಲನೆಯ ಇಂಥ ಯಂತ್ರವನ್ನು ನಿರ್ಮಿಸಿದನು. ಎರಡು ವರುಷ ಅನೇಕರಿಗೆ ಪ್ರಯತ್ನಿಸಿದರೂ ಫಲವು ಬಹಳ ಕಡಿಮೆ. ಕಡೆಗೆ 1945ರಲ್ಲಿ ಆ ಯಂತ್ರದಿಂದ ನಿಶ್ಚಯವಾಗಿ ಬದುಕಿದವಳು 67 ವರುಷದ ಒಬ್ಬ ಮುದುಕಿ; ಅವಳಾದರೋ ಶತ್ರುಗಳ ಪಕ್ಷ ಹಿಡಿದದ್ದಕ್ಕಾಗಿ ಸೆರೆಯಲ್ಲಿದ್ದವಳು. ವೈದ್ಯನು ಆಕೆಯ ಯೋಗ್ಯತೆಯನ್ನು ತೂಗಲು ಕೂತಿದ್ದರೆ ಏನಾಗುತ್ತಿತ್ತು? ಅವನು ತೂಗಲಿಲ್ಲ, ಆ ವಿದ್ಯೆಯ ಆರಂಭವೇ ಅಯೋಗ್ಯಳೆನಿಸಿಕೊಂಡವಳ ಹಾಸಿಗೆಯಲ್ಲಾಯಿತು.

ಅಲ್ಲದೆ ಈ ಚಿಕಿತ್ಸೆಯ ಸ್ವಭಾವವೇ ಭೇದಕ್ಕೆ ಅವಕಾಶ ಕೊಡುವದಿಲ್ಲ. ಹೇಗಂದರೆ, ಯಂತ್ರವು ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ 4 ಗಂಟೆಯಲ್ಲಿ 120 ಲೀಟರ್ ನೀರನ್ನು ರಕ್ತದ ಪಕ್ಕದಲ್ಲಿ ಹರಿಸುವದು. ವಾರಕ್ಕೆ 360 ಲೀಟರ್. ನಾವು ಕುಡಿಯುವ ನೀರಿಗೆ ಹೊಟ್ಟೆ ಕರುಳುಗಳ ಕಾವಲುಂಟು. ಈ ನೀರಿಗೆ ಆ ಎಳೆಯ ಗೋಡೆಯ ಹೊರತು ಕಾವಲಿಲ್ಲ. ಮುಂಡರಗಿ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬದನ್ನು ಮಕ್ಕಳ ಹಲ್ಲುಗಳನ್ನು ನೋಡಿದವರು ಬಲ್ಲರು. ಅಂಥ ನೀರನ್ನು ಶೋಧಿಸದೆ ಯಂತ್ರಕ್ಕೆ ಬಿಟ್ಟರೆ ಅದು ವಿಷವೇ. ಬ್ರೆಜಿಲ್ ದೇಶದ ಕರುವಾರು ಎಂಬ ಪಟ್ಟಣದ ಡಯಾಲಿಸಿಸ್ ಚಿಕಿತ್ಸಾಲಯದಲ್ಲಿ 1996ರಲ್ಲಿ, ಕೆರೆಯ ಪಾಚಿಯ ವಿಷವಿದ್ದ ನೀರನ್ನು ಚೆನ್ನಾಗಿ ಶುದ್ಧಮಾಡದೆ ಉಪಯೋಗಿಸಿದ್ದರಿಂದ ಯಕೃತ್ತು ಕೆಟ್ಟು 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಆ ನೀರು ಸಾಹುಕಾರನ ಹಾಸಿಗೆ ಯಾವದು, ಬಡವನ ಹಾಸಿಗೆ ಯಾವದು ಎಂದು ನೋಡಲಿಲ್ಲ. ಒಂದೇ ಶೋಧಕದ ನೀರು ಒಂದೇ ಕೊಳವೆಯಿಂದ ಎಲ್ಲಾ ಯಂತ್ರಗಳಿಗೂ ಹೋಗುವದು. ಹಾಗೆಯೇ ದಾದಿಯು ಒಬ್ಬನ ಬಳಿಯಿಂದ ಇನ್ನೊಬ್ಬನ ಬಳಿಗೆ ಹೋಗುವಾಗ ಕೈತೊಳೆದು ಕೈಚೀಲಗಳನ್ನು ಬದಲಿಸದಿದ್ದರೆ, ಕೂಲಿಕಾರನ ಕಾಮಾಲೆಯ ವಿಷಾಣುವು ಹವಾಲ್ದಾರನಿಗೂ ತಾಕುವದು. ಆದಕಾರಣ ಸಿಪಾಯಿಗೆ ಉತ್ತಮ ಆರೈಕೆ ಬೇಕೆನ್ನುವವನು ಅವನ ಪಕ್ಕದ ಹಾಸಿಗೆಯವನಿಗೂ ಅದನ್ನೇ ಬೇಡಬೇಕು; ಬೇರೆ ದಾರಿಯಿಲ್ಲ. 2016ರಲ್ಲಿ ಸಾರಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೂ ಈ ಚಿಕಿತ್ಸೆಯು ದೊರೆಯುವಂತಾದದ್ದು ಸಂತೋಷವೇ. ಆದರೆ ಯಂತ್ರವು ಬಂತೆಂಬದು ಒಂದು ಮಾತು, ಅದರ ಹಿಂದಿನ ನೀರು ಹೇಗಿದೆಯೆಂಬದು ಇನ್ನೊಂದು ಮಾತು.

ಚಿಕ್ಕ ಸ್ಥಳದಲ್ಲಿ ಇದೆಲ್ಲಾ ಸಾಧ್ಯವೇ, ಎಂದು ಕೇಳಬಹುದು. ಗದಗಿನ ಹತ್ತಿರದ ಕಣಗಿನಹಾಳವು ಚಿಕ್ಕ ಹಳ್ಳಿಯೇ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರೂ ಅವರ ಊರಿನವರೂ ಅಲ್ಲಿ ಸಹಕಾರಿ ಸಂಘವನ್ನು ಕಟ್ಟಿದಾಗ ಅವರಲ್ಲಿ ದೊಡ್ಡ ಬಂಡವಾಳವಿರಲಿಲ್ಲ. ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರು, ಇಂಥ ಸಂಘವು ಲೆಕ್ಕವನ್ನು ಎಲ್ಲರ ಮುಂದೆ ಇಟ್ಟರೇ ಬಾಳುವದು. ಚಿಕ್ಕ ಚಿಕಿತ್ಸಾಲಯದ ಬಲವೂ ಅದೇ. ದೊಡ್ಡ ಆಸ್ಪತ್ರೆಯಲ್ಲಿ ರೋಗಿಯು ಒಂದು ಅಂಕೆ. ಇಲ್ಲಿ ದಾದಿಯು ಅವನ ಮೊಮ್ಮಗಳ ಹೆಸರನ್ನೂ ಬಲ್ಲಳು. ಆ ಪರಿಚಯವು ಅಳತೆಯನ್ನು ಸಡಿಲಿಸುವದಕ್ಕೆ ನೆಪವಾದರೆ ಕೇಡು. ಅಳತೆಯನ್ನು ಕಾಯುವದಕ್ಕೆ ನೆರವಾದರೆ ಯಾವ ದೊಡ್ಡ ಆಸ್ಪತ್ರೆಯೂ ಅದಕ್ಕೆ ಸಮವಲ್ಲ.

ಇನ್ನು ಮನೆಯವರ ಮಾತು. ಕುಮಾರವ್ಯಾಸನು ಭಾರತವನ್ನು ರಚಿಸಿದ ಗದಗಿನ ನಾಡಿನವರಿಗೆ ಭೀಷ್ಮನ ಕಥೆಯನ್ನು ನಾವು ಹೇಳಬೇಕಾಗಿಲ್ಲ. ಬಾಣಗಳ ಮೇಲೆ ಮಲಗಿದ್ದ ಆ ಮುದಿ ಯೋಧನು ತಲೆದಿಂಬು ಕೇಳಿದಾಗ ಅರಸರು ಮೆತ್ತನೆಯ ದಿಂಬುಗಳನ್ನು ತಂದರು. ಅವು ಅವನಿಗೆ ಬೇಡವಾದವು. ಅವನಿಗೆ ತಕ್ಕದ್ದು ಯಾವದೆಂದು ಅರಿತವನು ಅರ್ಜುನನೊಬ್ಬನೇ. ಪ್ರೀತಿಯು ಎಲ್ಲರಲ್ಲಿಯೂ ಇತ್ತು, ಅರಿವು ಒಬ್ಬನಲ್ಲಿತ್ತು. ತೋಳಿನಲ್ಲಿ ಎರಡು ದಪ್ಪ ಸೂಜಿಗಳನ್ನು ಚುಚ್ಚಿಸಿಕೊಂಡು ಮಲಗುವ ನಮ್ಮ ಸಿಪಾಯಿಗೂ ಹೀಗೆಯೇ ಆಗುವದು. ಬಳಲಿ ಬಂದನೆಂದು ಮನೆಯವರು ಎಳನೀರು ಕೊಡುವರು, ಬಾಳೆಯ ಹಣ್ಣು ತಿನ್ನಿಸುವರು. ಅವುಗಳೊಳಗಿನ ಪೊಟ್ಯಾಸಿಯಂ ಎಂಬ ಲವಣವನ್ನು ಹೊರಗೆ ಹಾಕಲಾರದ ದೇಹದಲ್ಲಿ ಅದು ಏರಿ ಹೃದಯವನ್ನೇ ನಿಲ್ಲಿಸಬಹುದು. ಉಪ್ಪಿನಕಾಯಿ ಹಪ್ಪಳಗಳಿಂದ ದಾಹ ಹೆಚ್ಚುವದು, ದಾಹದಿಂದ ನೀರು, ನೀರಿನಿಂದ ಉಬ್ಬಸ. ಆದಕಾರಣ ವೈದ್ಯರು ಹೇಳಿದ ಪಥ್ಯವನ್ನು ಮನೆಯ ಹೆಂಗಸರಿಗೂ ಚೆನ್ನಾಗಿ ತಿಳಿಸಬೇಕು. ಅಲ್ಲದೆ ಫಿಸ್ಟುಲಾ ಇರುವ ತೋಳಿನಿಂದ ರಕ್ತದ ಒತ್ತಡವನ್ನು ನೋಡಕೂಡದು, ಬೇರೆ ಚುಚ್ಚುಮದ್ದಿಗೆ ಅದನ್ನು ಕೊಡಕೂಡದು, ಭಾರವಾದ ಕೊಡವನ್ನು ಅದರಿಂದ ಎತ್ತಕೂಡದು. ದಿನಾಲು ಬೆರಳಿಟ್ಟು ಅಲ್ಲಿಯ ಝುಮ್ಮೆನ್ನುವ ಮಿಡಿತವು ಇದೆಯೋ ಎಂದು ನೋಡಬೇಕು. ನಿಂತಿದ್ದರೆ ತಡವಿಲ್ಲದೆ ವೈದ್ಯರಿಗೆ ತಿಳಿಸಬೇಕು.

ಹವಾಲ್ದಾರರ ಸಂಗತಿಯು ಮುಂದೆ ಏನಾಯಿತೆಂದು ವಾಚಕರು ಕೇಳುವರು. ನಾವು ಅವರ ಸಂಗಡ ಹೋಗಿ, ಜಗಳಾಡದೆ, ಪೂರ್ಣ 4 ಗಂಟೆ ಕೊಡಬೇಕೆಂದು ಕೇಳಿಕೊಂಡೆವು. ಆಗ ಚಿಕ್ಕ ಪ್ರಾಯದ ದಾದಿಯೊಬ್ಬಳು ಕಣ್ಣೀರು ತಂದು, ನಮಗೂ ಮನಸ್ಸಿರಲಿಲ್ಲ, ಆದರೆ ಯಾರೂ ಕೇಳುವದಿಲ್ಲ, ಎಲ್ಲರೂ ಬಸ್ಸಿಗೆ ಅವಸರಮಾಡುತ್ತಾರೆ, ಎಂದಳು. ಅಂದರೆ ತಪ್ಪು ಅವರದು ಮಾತ್ರವಲ್ಲ. ನಮ್ಮ ಅವಸರವೂ ಅದರಲ್ಲಿ ಕೂಡಿತ್ತು. ಪಾಳಿಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಅವರು ಸಮಯವನ್ನು ಸರಿಪಡಿಸಿದರು. ಬಸ್ಸು ತಪ್ಪುವ ದಿವಸಗಳಿಗಾಗಿ ಊರಿನ ಆರು ಮಂದಿ ಯೌವನಸ್ಥರು ಸರತಿಯಂತೆ ಮೋಟಾರ್ ಸೈಕಲ್ ಮೇಲೆ ಅವರನ್ನು ಮನೆಗೆ ಮುಟ್ಟಿಸುತ್ತಾರೆ. ಆ ಆರು ಮಂದಿ ಒಂದೇ ಮತದವರೂ ಅಲ್ಲ, ಒಂದೇ ಓಣಿಯವರೂ ಅಲ್ಲ. ಹವಾಲ್ದಾರರು ಈಗ ತಮ್ಮ ಅಂಗಿಯ ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಂಡು, ಹೋದಾಗಿನ ತೂಕ, ಬಂದಾಗಿನ ತೂಕ, ಆರಂಭದ ಗಂಟೆ, ಮುಗಿದ ಗಂಟೆ ಇವುಗಳನ್ನು ಪಹರೆಯ ವರದಿಯಂತೆ ಬರೆಯುತ್ತಾರೆ. ಪಕ್ಕದ ಹಾಸಿಗೆಯಲ್ಲಿ ಮಲಗುವ, ಓದು ಬರಹ ಬಾರದ ಕೂಲಿಯವನ ಲೆಕ್ಕವನ್ನೂ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಅವರೇ ಬರೆಯುತ್ತಾರೆ.

ಪ್ರಿಯರೇ, ನಿಮ್ಮ ಊರಿನಲ್ಲಿಯೂ ವಾರಕ್ಕೆ ಮೂರು ಸಾರೆ ಮುಂಜಾನೆಯ ಬಸ್ಸಿಗೆ ಕಾಯುವವನೊಬ್ಬನು ಇದ್ದಾನು. ಅವನು ಮಾಜಿ ಸೈನಿಕನಾಗಿದ್ದರೆ ಏನೂ ಕೇಳಲಾರನು, ಯಾಕಂದರೆ ಅವನಿಗೆ ಕೇಳಿ ಅಭ್ಯಾಸವಿಲ್ಲ. ಬಡವನಾಗಿದ್ದರೂ ಏನೂ ಕೇಳಲಾರನು, ಯಾಕಂದರೆ ಅವನಿಗೆ ಕೇಳಲು ಧೈರ್ಯವಿಲ್ಲ. ಆದಕಾರಣ ಕೇಳುವ ಕೆಲಸವು ನಮ್ಮದಾಗಿದೆ. ಒಂದು ದಿವಸ ಅವನ ಸಂಗಡ ಹೋಗಿರಿ, ನಾಲ್ಕು ಗಂಟೆ ಕೂತುಕೊಳ್ಳಿರಿ, ಗಡಿಯಾರವನ್ನು ನೋಡಿರಿ, ದಾದಿಗೆ ಉಪಕಾರವನ್ನೂ ಹೇಳಿರಿ. ನಾವು ಮೂರೂವರೆ ಗಂಟೆಗೆ ಎದ್ದುಬಂದವರು. ಆದದರಿಂದ ನಿಮಗೆ ಇದನ್ನು ಬರೆದಿದ್ದೇವೆ.